ಗಿರಾಕಿಯ ಪ್ರಶ್ನೆಗೆ ಉತ್ತರ ಬರೆಯುವುದು: ಸಣ್ಣ ಉದ್ದಿಮೆಗೆ ಬ್ಲಾಗ್ ಹೇಗೆ ನೆರವಾಗುತ್ತದೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನಕಾಯಿ ಹಪ್ಪಳ, ಜೋನಿಬೆಲ್ಲ, ಜೇನುತುಪ್ಪ, ಮುರುಗಲ ಹಣ್ಣಿನ ಶರಬತ್ತನ್ನು ಮನೆಯಲ್ಲೇ ತಯಾರಿಸಿ ಕೊರಿಯರ್‌ನಲ್ಲಿ ದೂರದ ಊರುಗಳಿಗೆ ಕಳುಹಿಸುವ ಕುಟುಂಬಗಳು ಈಗ ಅಪರೂಪವೇನಲ್ಲ. ಅಡಿಕೆ ತೋಟದ ನಡುವಿನ ಹಳೆಯ ಮನೆಯ ಒಂದೆರಡು ಕೋಣೆಗಳನ್ನು ಹೋಂಸ್ಟೇಗೆಂದು ಸಜ್ಜುಗೊಳಿಸಿದವರೂ ಸಾಕಷ್ಟು ಮಂದಿ ಇದ್ದಾರೆ. ಇವರ ವ್ಯಾಪಾರ ಬಹುಮಟ್ಟಿಗೆ ವಾಟ್ಸ್‌ಆ್ಯಪ್ ಮತ್ತು ಇನ್‌ಸ್ಟಾಗ್ರಾಂ ಮೇಲೆ ನಿಂತಿದೆ. ಈಗಾಗಲೇ ಪರಿಚಯವಿರುವ ಗಿರಾಕಿಗಳ ಮಟ್ಟಿಗೆ ಅದು ಸಾಕು. ಆದರೆ ಇವರ ಹೆಸರನ್ನೇ ಕೇಳದ, ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತ ಒಬ್ಬರಿಗೆ ಒಳ್ಳೆಯ ಜೇನುತುಪ್ಪ ಬೇಕೆನಿಸಿದಾಗ ಅವರು ಮೊದಲು ಮಾಡುವ ಕೆಲಸ ಗೂಗಲ್‌ನಲ್ಲಿ ಹುಡುಕುವುದು, ಮತ್ತು ಅಲ್ಲಿ ಈ ಮನೆಗಳ ಸುಳಿವೇ ಸಿಗುವುದಿಲ್ಲ.

ಈ ಕೊರತೆಯನ್ನು ತುಂಬಿಕೊಳ್ಳಲು ಬ್ಲಾಗ್ ಬರೆಯಿರಿ ಎಂಬ ಸಲಹೆ ಬಹಳ ಹಳೆಯದು. ಆದರೆ 2024ರಿಂದ ಭಾರತದಲ್ಲೂ ಗೂಗಲ್ ತನ್ನ ಹುಡುಕಾಟದ ಫಲಿತಾಂಶಗಳ ನೆತ್ತಿಯ ಮೇಲೆ ಕೃತಕ ಬುದ್ಧಿಮತ್ತೆ ಸಿದ್ಧಪಡಿಸಿದ ಉತ್ತರವನ್ನು ತೋರಿಸತೊಡಗಿರುವುದರಿಂದ, ಇನ್ನು ಬ್ಲಾಗ್ ಓದುವವರು ಯಾರು, ಬರೆದು ಪ್ರಯೋಜನವೇನು ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿದೆ. ಇದಕ್ಕೆ ಉತ್ತರ ಕಂಡುಕೊಳ್ಳಬೇಕಾದರೆ ಬ್ಲಾಗ್ ಎಂಬುದು ಏನು, ಅದು ಗಿರಾಕಿಯವರೆಗೆ ತಲುಪುವ ದಾರಿ ಯಾವುದು ಎಂಬಲ್ಲಿಂದಲೇ ಆರಂಭಿಸಬೇಕು.

ಬ್ಲಾಗ್ ಎಂದರೇನು

ಒಂದು ಜಾಲತಾಣದಲ್ಲಿ ಆಗಾಗ ಸೇರಿಸುತ್ತ ಹೋಗುವ ಬರಹಗಳ ಸಾಲಿಗೆ ಬ್ಲಾಗ್ ಎನ್ನುತ್ತಾರೆ. ಅದರ ಒಂದೊಂದು ಬರಹವೂ ಒಂದೊಂದು ಪೋಸ್ಟ್. ಪ್ರತಿ ಪೋಸ್ಟ್‌ಗೂ ತನ್ನದೇ ಆದ ಒಂದು ವಿಳಾಸ, ಅಂದರೆ ಲಿಂಕ್ ಇರುತ್ತದೆ. ಮುಖ್ಯವಾದ ವ್ಯತ್ಯಾಸ ಹುಟ್ಟುವುದು ಇಲ್ಲಿಯೇ. ವಾಟ್ಸ್‌ಆ್ಯಪ್ ಸ್ಟೇಟಸ್ 24 ಗಂಟೆಗಳಲ್ಲಿ ಮಾಯವಾಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಚಿತ್ರ ಉಳಿದರೂ ಕೆಲವೇ ದಿನಗಳಲ್ಲಿ ಕೆಳಗೆ ಸರಿದು ಕಣ್ಣಿಗೆ ಬೀಳದಂತಾಗುತ್ತದೆ. ಬ್ಲಾಗ್ ಬರಹವಾದರೋ ಮೂರು ವರ್ಷ ಕಳೆದರೂ ಅದೇ ಲಿಂಕ್‌ನಲ್ಲಿ ಇರುತ್ತದೆ, ಮತ್ತು ಆ ವಿಷಯವನ್ನು ಯಾರಾದರೂ ಹುಡುಕಿದಾಗ ಮತ್ತೆ ಎದುರಿಗೆ ಬರುವ ಸಾಧ್ಯತೆ ಇರುತ್ತದೆ. ಸಾಮಾಜಿಕ ಜಾಲತಾಣದಲ್ಲಿ ವ್ಯಾಪಾರ ನಡೆಸುವುದು ವಾರದ ಸಂತೆಯಲ್ಲಿ ಚಾಪೆ ಹಾಸಿ ಕುಳಿತಂತೆ: ಜನ ಸೇರುತ್ತಾರೆ, ಆದರೆ ಜಾಗ ನಮ್ಮದಲ್ಲ, ಸಂತೆಯ ನಿಯಮವನ್ನು ಬೇರೆಯವರು ಬದಲಿಸಿದರೆ ಕೇಳುವಂತಿಲ್ಲ. ಸ್ವಂತ ಹೆಸರಿನ ಜಾಲತಾಣದಲ್ಲಿರುವ ಬ್ಲಾಗ್ ನಮ್ಮದೇ ಖಾತೆಯ ಜಾಗದಲ್ಲಿ ಕಟ್ಟಿದ ಅಂಗಡಿ. ಎರಡೂ ಬೇಕು. ಸಂತೆಗೆ ಬಂದವರಿಗೆ ಅಂಗಡಿಯ ದಾರಿ ತೋರಿಸುವಂತೆ ವಾಟ್ಸ್‌ಆ್ಯಪ್‌ನಲ್ಲಿ ಬ್ಲಾಗಿನ ಲಿಂಕ್ ಹಂಚಬಹುದು.

ಬ್ಲಾಗ್ ಎಂದೊಡನೆ ಕೆಲವರು ಜಾಹೀರಾತಿನ ಕರಪತ್ರವನ್ನು ನೆನೆಯುತ್ತಾರೆ. ‘ನಮ್ಮಲ್ಲಿ ಶುದ್ಧವಾದ, ರುಚಿಕರವಾದ, ಸಾಂಪ್ರದಾಯಿಕ ಉಪ್ಪಿನಕಾಯಿ ದೊರೆಯುತ್ತದೆ’ ಎಂಬ ವಾಕ್ಯವನ್ನು ಎಲ್ಲ ಮಾರಾಟಗಾರರೂ ಬರೆಯುತ್ತಾರೆ. ಅದನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ, ಓದಿದವರಿಗೆ ಅದರಿಂದ ಹೊಸದೇನೂ ತಿಳಿಯುವುದಿಲ್ಲ.

ಗೂಗಲ್‌ಗೆ ಒಂದು ಪುಟ ಸಿಗುವ ಬಗೆ

ಪುಟಗಳನ್ನು ಹುಡುಕಿ ತೋರಿಸುವ ಕೆಲಸವನ್ನು ಗೂಗಲ್ ಮೂರು ಹಂತಗಳಲ್ಲಿ ಮಾಡುತ್ತದೆ. ಮೊದಲನೆಯದು ಪುಟಗಳನ್ನು ಪತ್ತೆ ಹಚ್ಚುವುದು. ಗೂಗಲ್‌ಬಾಟ್ ಎಂಬ ತಂತ್ರಾಂಶ ಒಂದು ಪುಟದಲ್ಲಿರುವ ಲಿಂಕ್ ಹಿಡಿದು ಇನ್ನೊಂದು ಪುಟಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸಾಗುತ್ತ ಜಾಲತಾಣಗಳನ್ನು ಸತತವಾಗಿ ಓದುತ್ತಿರುತ್ತದೆ. ಯಾವ ಪುಟದಿಂದಲೂ ಲಿಂಕ್ ಇಲ್ಲದ ಹೊಚ್ಚಹೊಸ ಬ್ಲಾಗ್ ಅದರ ಕಣ್ಣಿಗೆ ಬೀಳದೇ ಉಳಿಯುವುದು ಈ ಕಾರಣಕ್ಕೆ. ಎರಡನೆಯ ಹಂತದಲ್ಲಿ, ಓದಿದ ಪುಟದಲ್ಲಿ ಏನಿದೆ ಎಂಬುದನ್ನು ವಿಶ್ಲೇಷಿಸಿ ಗೂಗಲ್ ತನ್ನ ಸೂಚಿಯಲ್ಲಿ ದಾಖಲಿಸಿಕೊಳ್ಳುತ್ತದೆ. ಇದಕ್ಕೆ ಇಂಡೆಕ್ಸಿಂಗ್ ಎನ್ನುತ್ತಾರೆ. ಓದಿದ ಪುಟಗಳೆಲ್ಲವೂ ಸೂಚಿಗೆ ಸೇರುತ್ತವೆ ಎಂದೇನೂ ಇಲ್ಲ. ಮೂರನೆಯದು, ಯಾರಾದರೂ ಏನನ್ನಾದರೂ ಹುಡುಕಿದಾಗ ಸೂಚಿಯಲ್ಲಿರುವ ಪುಟಗಳಲ್ಲಿ ಆ ಪ್ರಶ್ನೆಗೆ ಹೆಚ್ಚು ಹೊಂದುವವನ್ನು ಆರಿಸಿ ಕ್ರಮವಾಗಿ ಜೋಡಿಸುವುದು.

ಈ ಕ್ರಮದಲ್ಲಿ ಮೇಲೆ ಬರಲು ಗೂಗಲ್‌ಗೆ ದುಡ್ಡು ಕೊಡುವ ವ್ಯವಸ್ಥೆ ಇಲ್ಲ. ದುಡ್ಡು ಕೊಟ್ಟು ಹಾಕಿಸುವ ಜಾಹೀರಾತು ಬೇರೆ, ಅದಕ್ಕೆ ಪ್ರಾಯೋಜಿತ ಎಂಬ ಗುರುತಿರುತ್ತದೆ. ಆದ್ದರಿಂದ ‘ನಿಮ್ಮ ಅಂಗಡಿಯನ್ನು ಗೂಗಲ್‌ನಲ್ಲಿ ಮೊದಲ ಸ್ಥಾನಕ್ಕೆ ತರುತ್ತೇವೆ, ಖಾತ್ರಿ’ ಎಂದು ಫೋನ್ ಮಾಡುವವರ ಮಾತನ್ನು ನಂಬಬಾರದು. ಅಂಥ ಖಾತ್ರಿಯನ್ನು ಯಾರಿಂದಲೂ ಕೊಡಲಾಗದು ಎಂದು ಗೂಗಲ್ ತಾನೇ ಹೇಳಿದೆ. ಹಾಗೆಯೇ ‘ಮಲೆನಾಡು ಜೇನು’ ಎಂಬ ಪದವನ್ನು ಪ್ರತಿ ವಾಕ್ಯದಲ್ಲೂ ತುರುಕಿದರೆ ಲಾಭವಾಗುತ್ತದೆ ಎಂಬ ಹಳೆಯ ನಂಬಿಕೆ ಇನ್ನೂ ಉಳಿದುಕೊಂಡಿದೆ. ಪುಟದ ಮರೆಯಲ್ಲಿ ಬರೆಯುವ ಕೀವರ್ಡ್‌ಗಳ, ಅಂದರೆ ಜನ ಹುಡುಕಬಹುದಾದ ಪದಗಳ, ಪಟ್ಟಿಯನ್ನು ಹುಡುಕಾಟದ ಶ್ರೇಣಿಗೆ ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ತಿಳಿಸಿದೆ, ಮತ್ತು ಪದಗಳನ್ನು ಅತಿಯಾಗಿ ತುರುಕುವುದು ಅದರ ನಿಯಮಕ್ಕೆ ವಿರುದ್ಧ.

ಏನನ್ನು ಬರೆಯಬೇಕು

ಬ್ಲಾಗ್ ಶುರು ಮಾಡಿದ ಬಹಳಷ್ಟು ಜನ ನಾಲ್ಕೈದು ಬರಹಗಳಾದ ಮೇಲೆ ಬರೆಯಲು ವಿಷಯವಿಲ್ಲವೆಂದು ನಿಲ್ಲಿಸಿಬಿಡುತ್ತಾರೆ. ವಿಷಯ ಅವರ ಫೋನಿನಲ್ಲೇ ಇರುತ್ತದೆ. ಗಿರಾಕಿಗಳು ಕರೆ ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳುಹಿಸಿ ಕೇಳುವ ಪ್ರಶ್ನೆಗಳನ್ನು ಒಂದು ತಿಂಗಳ ಕಾಲ ಅವರು ಕೇಳಿದ ಮಾತಿನಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ವರ್ಷಕ್ಕಾಗುವಷ್ಟು ವಿಷಯ ಸಿಗುತ್ತದೆ. ಮಿಡಿ ಉಪ್ಪಿನಕಾಯಿಯ ಮೇಲೆ ಬಿಳಿ ಪೊರೆ ಬಂದಿದೆ, ತಿನ್ನಬಹುದೇ? ಜೋನಿಬೆಲ್ಲವನ್ನು ಫ್ರಿಜ್‌ನಲ್ಲಿ ಇಡಬೇಕೇ? ಹಪ್ಪಳ ಮಳೆಗಾಲದಲ್ಲಿ ಮೆತ್ತಗಾಗದಂತೆ ಹೇಗೆ ಇಡುವುದು? ಒಬ್ಬರು ಫೋನ್ ಮಾಡಿ ಕೇಳಿದರೆಂದರೆ ಇನ್ನೂ ಅನೇಕರು ಅದನ್ನೇ ಗೂಗಲ್‌ನಲ್ಲಿ ಹುಡುಕುತ್ತಿದ್ದಾರೆ ಎಂದೇ ತಿಳಿಯಬೇಕು. ಈ ಒಂದು ಅಭ್ಯಾಸ ಕೈಗೂಡಿದರೆ ಉಳಿದ ತಾಂತ್ರಿಕ ಸಂಗತಿಗಳಲ್ಲಿ ಒಂದೆರಡು ಹೆಚ್ಚುಕಡಿಮೆಯಾದರೂ ಬ್ಲಾಗ್ ಕೆಲಸ ಮಾಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉದಾಹರಣೆಗೆ ಜೇನು ಮಾರುವವರು ಚಳಿಗಾಲ ಬಂತೆಂದರೆ ಎದುರಿಸುವ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ: ‘ತುಪ್ಪ ಸಕ್ಕರೆಯ ಹಾಗೆ ಗಟ್ಟಿಯಾಗಿದೆ, ಬೆಲ್ಲದ ಪಾಕ ಬೆರೆಸಿದ್ದೀರಾ?’ ಇದಕ್ಕೆ ಪ್ರತಿಯೊಬ್ಬರಿಗೂ ಫೋನಿನಲ್ಲಿ ವಿವರಿಸುವ ಬದಲು ಒಂದು ಪೋಸ್ಟ್ ಬರೆಯುವುದಾದರೆ ಅದರ ಶೀರ್ಷಿಕೆ ‘ಜೇನುತುಪ್ಪ ಹರಳುಗಟ್ಟಿದರೆ ಕಲಬೆರಕೆಯೇ?’ ಎಂದಿರಬೇಕು, ‘ಪ್ರಕೃತಿಯ ಅಮೃತ’ ಎಂದಲ್ಲ. ಮೊದಲ ಪ್ಯಾರಾದಲ್ಲೇ ನೇರವಾದ ಉತ್ತರ ಬರಬೇಕು: ಹರಳುಗಟ್ಟುವುದು ಜೇನಿನ ಸಹಜ ಗುಣ, ಅದೊಂದರಿಂದಲೇ ಕಲಬೆರಕೆ ಎಂದು ಹೇಳಲಾಗದು. ಅನಂತರ ಕಾರಣ. ಜೇನಿನಲ್ಲಿ ಮುಖ್ಯವಾಗಿ ಫ್ರಕ್ಟೋಸ್ ಮತ್ತು ಗ್ಲೂಕೋಸ್ ಎಂಬ ಎರಡು ಸಕ್ಕರೆಗಳಿರುತ್ತವೆ. ಗ್ಲೂಕೋಸ್ ನೀರಿನಲ್ಲಿ ಕಡಿಮೆ ಕರಗುವುದರಿಂದ ತಂಪು ಹೆಚ್ಚಾದಾಗ ಹರಳಾಗಿ ಬೇರ್ಪಡುತ್ತದೆ. ಯಾವ ಹೂವಿನ ಮಕರಂದ ಎಂಬುದರ ಮೇಲೆ ಗ್ಲೂಕೋಸ್ ಪ್ರಮಾಣ ಬದಲಾಗುವುದರಿಂದ ಒಂದು ಸಲದ ತುಪ್ಪ ಬೇಗ ಗಟ್ಟಿಯಾಗಿ ಇನ್ನೊಂದು ಸಲದ್ದು ತಿಂಗಳುಗಟ್ಟಲೆ ತೆಳುವಾಗಿಯೇ ಉಳಿಯಬಹುದು. ಮೂರನೆಯದಾಗಿ ಗಿರಾಕಿ ಏನು ಮಾಡಬೇಕೆಂಬುದು: ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ಇಟ್ಟರೆ ಹರಳು ಕರಗುತ್ತದೆ, ಒಲೆಯ ಮೇಲಿಟ್ಟು ಕುದಿಸಬಾರದು.

ಇಲ್ಲಿಗೇ ನಿಲ್ಲಿಸಿದರೆ ಅದು ಯಾವ ಊರಿನವರೂ ಬರೆಯಬಹುದಾದ ಬರಹ. ಇದರ ಮುಂದಿನ ಭಾಗವೇ ಆ ಮನೆಯವರ ಸ್ವತ್ತು. ತಮ್ಮದು ಪೆಟ್ಟಿಗೆಯಲ್ಲಿ ಸಾಕಿದ ತುಡುವೆ ಜೇನೋ, ಕಾಡಿನ ಹೆಜ್ಜೇನೋ, ಎರಿ ತೆಗೆದದ್ದು ಯಾವ ತಿಂಗಳಲ್ಲಿ, ಆಗ ತೋಟದ ಸುತ್ತ ಯಾವ ಮರ ಹೂ ಬಿಟ್ಟಿತ್ತು, ಹಿಂಡಿ ತೆಗೆದದ್ದೋ ಯಂತ್ರದಲ್ಲಿ ತಿರುಗಿಸಿ ತೆಗೆದದ್ದೋ ಎಂಬುದನ್ನು ಬರೆಯಬೇಕು. ಗಟ್ಟಿಯಾದ ತುಪ್ಪದ ಬಾಟಲಿಯನ್ನೂ ಅದೇ ಬಾಟಲಿ ಕರಗಿದ ಮೇಲಿನ ಸ್ಥಿತಿಯನ್ನೂ ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆದು ಪಕ್ಕಪಕ್ಕದಲ್ಲಿ ಇಡಬೇಕು. ನೀರಿಗೆ ಹನಿ ಹಾಕಿ, ಬೆಂಕಿಕಡ್ಡಿ ಗೀರಿ ಶುದ್ಧತೆ ಪರೀಕ್ಷಿಸುವ ಮನೆಯ ವಿಧಾನಗಳನ್ನು ನೆಚ್ಚಲಾಗದು, ಖಚಿತವಾಗಿ ತಿಳಿಯಬೇಕಾದರೆ ಪ್ರಯೋಗಾಲಯವೇ ಆಗಬೇಕು ಎಂಬುದನ್ನೂ ಹೇಳಬೇಕು. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನು ನೆಕ್ಕಿಸಬಾರದು ಎಂಬ ಎಚ್ಚರಿಕೆ ಇರಲೇಬೇಕು. ತನ್ನ ಮಾಲನ್ನು ಯಾರು ತಿನ್ನಬಾರದೆಂದು ತಾನೇ ಹೇಳುವ ಮಾರಾಟಗಾರನ ಉಳಿದ ಮಾತುಗಳ ಮೇಲೂ ಓದುಗರಿಗೆ ಭರವಸೆ ಹುಟ್ಟುತ್ತದೆ. ಕೊನೆಯಲ್ಲಿ ಈ ಹಂಗಾಮಿನ ತುಪ್ಪ ಎಷ್ಟು ಉಳಿದಿದೆ, ಬೆಲೆ ಎಷ್ಟು, ಯಾವ ನಂಬರಿಗೆ ಫೋನ್ ಮಾಡಬೇಕು ಎಂಬ ಎರಡು ಸಾಲು ಸಾಕು. ಎಷ್ಟು ಪದ ಇರಬೇಕೆಂಬ ಲೆಕ್ಕ ಬೇಡ. ಗೂಗಲ್‌ಗೆ ಇಷ್ಟೇ ಉದ್ದ ಬೇಕೆಂಬ ನಿಯಮವೇನೂ ಇಲ್ಲ, ಪ್ರಶ್ನೆಗೆ ಉತ್ತರ ಮುಗಿದಲ್ಲಿ ಬರಹವೂ ಮುಗಿಯಬಹುದು.

ಹಂಗಾಮಿಗೆ ಮೊದಲೇ ಬರೆಯುವುದು

ಮಲೆನಾಡಿನ ಉತ್ಪನ್ನಗಳೆಲ್ಲ ಹಂಗಾಮಿಗೆ ಕಟ್ಟುಬಿದ್ದವು. ಆಲೆಮನೆ ಏಳುವುದು ಚಳಿಗಾಲದಲ್ಲಿ, ಅಪ್ಪೆಮಿಡಿ ಇಳಿಸುವುದು ಬೇಸಗೆಯ ಆರಂಭದಲ್ಲಿ, ಹಪ್ಪಳದ ಕೆಲಸ ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ, ಜೋಗ ಮೈದುಂಬುವುದು ಮಳೆ ಹಿಡಿದ ಮೇಲೆ. ಹೊಸ ಪುಟವೊಂದು ಗೂಗಲ್‌ನಲ್ಲಿ ಕಾಣಿಸಿಕೊಳ್ಳಲು ಕೆಲವು ದಿನಗಳಿಂದ ವಾರಗಳೇ ಹಿಡಿಯಬಹುದಾದ್ದರಿಂದ ಮಿಡಿ ಮರದಿಂದ ಇಳಿದ ದಿನ ಬರೆಯಲು ಕುಳಿತರೆ ತಡವಾಗುತ್ತದೆ. ಒಂದೆರಡು ತಿಂಗಳು ಮುಂಚೆಯೇ ಆ ವಿಷಯದ ಬರಹ ಪ್ರಕಟವಾಗಿದ್ದು, ಹಂಗಾಮು ಬಂದಾಗ ಅದರಲ್ಲೇ ಬೆಲೆ, ಲಭ್ಯತೆಗಳನ್ನು ತಿದ್ದುವುದು ಜಾಣತನ. ಅದೇ ಲಿಂಕ್ ಅನ್ನು ಮರುವರ್ಷವೂ ಬಳಸಬೇಕು. ಪ್ರತಿ ವರ್ಷ ಹೊಸ ಪುಟ ಮಾಡಿದರೆ ಹಳೆಯ ಪುಟ ಗಳಿಸಿಕೊಂಡಿದ್ದ ಸ್ಥಾನ ವ್ಯರ್ಥವಾಗುತ್ತದೆ.

ಹೋಂಸ್ಟೇ ನಡೆಸುವವರಿಗಂತೂ ಹಳೆಯ ಬರಹ ತಿದ್ದುವುದು ಹೊಸದನ್ನು ಬರೆಯುವಷ್ಟೇ ಮುಖ್ಯ. ಶರಾವತಿ ಹಿನ್ನೀರಿಗೆ ಅಡ್ಡಲಾಗಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಉದ್ಘಾಟನೆಯಾಯಿತು. ಅದಕ್ಕೆ ಮೊದಲು ಸಿಗಂದೂರು, ತುಮರಿ ಕಡೆಗೆ ಹೋಗುವವರು ಸಾಗರದಿಂದ ಬಂದು ಹಿನ್ನೀರು ದಾಟಿಸುವ ಲಾಂಚ್‌ಗಾಗಿ ಕಾಯಬೇಕಿತ್ತು. ಆ ಭಾಗದ ತಂಗುಮನೆಯೊಂದರ ಪುಟದಲ್ಲಿ ಇಂದಿಗೂ ‘ಕೊನೆಯ ಲಾಂಚ್ ತಪ್ಪಿಸಿಕೊಳ್ಳಬೇಡಿ’ ಎಂದಿದ್ದರೆ ಓದಿದವರು ದಿಕ್ಕು ತಪ್ಪುತ್ತಾರೆ, ಜೊತೆಗೆ ಆ ಪುಟದ ಉಳಿದ ವಿವರಗಳ ಮೇಲೂ ಸಂಶಯ ಮೂಡುತ್ತದೆ. 2023ರ ಫೆಬ್ರವರಿ 27ರಂದು ಶಿವಮೊಗ್ಗ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೂ ‘ಹತ್ತಿರದ ವಿಮಾನ ನಿಲ್ದಾಣ ಮಂಗಳೂರು’ ಎಂದು ಬರೆದುಕೊಂಡವರ ವಿಷಯವೂ ಅಷ್ಟೇ.

ಹೋಂಸ್ಟೇಯ ಬರಹದಲ್ಲಿ ಸೌಕರ್ಯಗಳ ಪಟ್ಟಿಗಿಂತ ಹೆಚ್ಚಾಗಿ ಬರುವವರ ಅಂಜಿಕೆಗೆ ಉತ್ತರ ಇರಬೇಕು. ಜುಲೈ ತಿಂಗಳಲ್ಲಿ ಆಗುಂಬೆಯ ಆಸುಪಾಸಿಗೆ ಬರಬೇಕೆಂದಿರುವ ಕುಟುಂಬಕ್ಕೆ ಇಂಬಳ ಹತ್ತಿದರೆ ಏನು ಮಾಡಬೇಕು, ಕರೆಂಟು ಹೋದರೆ ಬಿಸಿನೀರಿಗೆ ಹಂಡೆ ಒಲೆ ಇದೆಯೇ, ಯಾವ ಕಂಪನಿಯ ಮೊಬೈಲ್ ಸಿಗ್ನಲ್ ಸಿಗುತ್ತದೆ, ಮುಖ್ಯ ರಸ್ತೆಯಿಂದ ಮನೆಯವರೆಗಿನ ಮಣ್ಣು ರಸ್ತೆಯಲ್ಲಿ ಸಣ್ಣ ಕಾರು ಬರುತ್ತದೆಯೇ, ಒದ್ದೆ ಬಟ್ಟೆ ಒಣಗಿಸಲು ಜಾಗವಿದೆಯೇ ಎಂಬುದೇ ಚಿಂತೆ. ಇವುಗಳಿಗೆ ಉತ್ತರ ಗೊತ್ತಿರುವುದು ಆ ಮನೆಯವರಿಗೆ ಮಾತ್ರ. ಕಾರು ಬರುವುದಿಲ್ಲವೆಂದರೆ ಹಾಗೆಂದೇ ಬರೆಯಬೇಕು. ಬಂದು ಕೆಸರಿನಲ್ಲಿ ಹೂತುಕೊಂಡ ಮೇಲೆ ಗೊತ್ತಾಗುವುದಕ್ಕಿಂತ ಮೊದಲೇ ತಿಳಿದು ಜೀಪಿಗೆ ಹೇಳಿಬಿಡುವುದನ್ನೇ ಯಾರಾದರೂ ಬಯಸುತ್ತಾರೆ.

ಕನ್ನಡವೋ ಇಂಗ್ಲಿಷೋ

ಗಿರಾಕಿ ಯಾವ ಭಾಷೆಯಲ್ಲಿ ಫೋನ್ ಮಾಡುತ್ತಾನೋ ಆ ಭಾಷೆಯಲ್ಲಿ ಬರೆಯುವುದು ಸರಿಯಾದ ದಾರಿ. ಕನ್ನಡದಲ್ಲಿ ಇಂಥ ವಿಷಯಗಳ ಮೇಲೆ ಒಳ್ಳೆಯ ಪುಟಗಳು ಕಡಿಮೆ ಇರುವುದರಿಂದ ಚೆನ್ನಾಗಿ ಬರೆದದ್ದು ಎದ್ದು ಕಾಣುತ್ತದೆ. ಹೊರರಾಜ್ಯದವರು ಬರುವ ಹೋಂಸ್ಟೇಗೆ ಇಂಗ್ಲಿಷ್ ಪುಟವೂ ಬೇಕು. ಎರಡನ್ನೂ ಒಂದೇ ಪುಟದಲ್ಲಿ ಸಾಲು ಬಿಟ್ಟು ಸಾಲು ಬೆರೆಸದೆ ಪ್ರತ್ಯೇಕ ಪುಟಗಳನ್ನಾಗಿ ಮಾಡಿ ಪರಸ್ಪರ ಲಿಂಕ್ ಕೊಡಬೇಕು. ಒಂದು ಪುಟಕ್ಕೆ ಒಂದೇ ಭಾಷೆ ಎಂಬುದು ಗೂಗಲ್‌ನ ಸಲಹೆಯೂ ಹೌದು. ಯಂತ್ರಾನುವಾದವನ್ನು ಓದಿ ತಿದ್ದದೆ ಹಾಗೇ ಹಾಕಬಾರದು.

ಕನ್ನಡದಲ್ಲಿ ಬರೆಯುವವರು ಗಮನಿಸಲೇಬೇಕಾದ ಒಂದು ತಾಂತ್ರಿಕ ಸಂಗತಿ ಇದೆ. ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚು ಮಾಡುವ ರೂಢಿ ಇದೆ. ಅದು ಮುದ್ರಣಕ್ಕೆ ಸರಿ, ಆದರೆ ಆ ಅಕ್ಷರಗಳನ್ನು ಜಾಲತಾಣಕ್ಕೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಕಾಣಿಸುತ್ತದೆ. ಜಾಲತಾಣಕ್ಕೆ ಎಲ್ಲ ಫೋನು, ಕಂಪ್ಯೂಟರುಗಳಲ್ಲೂ ಒಂದೇ ರೀತಿ ಕಾಣುವ ಯೂನಿಕೋಡ್ ಕನ್ನಡವೇ ಬೇಕು. ಮೊಬೈಲಿನ ಕನ್ನಡ ಕೀಲಿಮಣೆಯಲ್ಲಿ ಬರೆದದ್ದೆಲ್ಲ ಯೂನಿಕೋಡ್ ಆಗಿರುತ್ತದೆ. ನುಡಿಯ ಈಚಿನ ಆವೃತ್ತಿಗಳಲ್ಲೂ ಯೂನಿಕೋಡ್ ಆಯ್ಕೆ ಇದೆ. ಇನ್ನೊಂದು ತೊಡಕು ಚಿತ್ರದೊಳಗಿನ ಬರಹ. ಬೆಲೆಪಟ್ಟಿಯನ್ನು ಬಣ್ಣಬಣ್ಣದ ಪೋಸ್ಟರ್ ಮಾಡಿ ಹಾಕುವುದು ಚೆಂದ ಕಂಡರೂ ಹುಡುಕಾಟದಲ್ಲಿ ಆ ಅಕ್ಷರಗಳು ಸಿಗುತ್ತವೆಂದು ನೆಚ್ಚುವಂತಿಲ್ಲ. ಬೆಲೆ, ವಿಳಾಸ, ತೂಕಗಳನ್ನು ಅಕ್ಷರಗಳಲ್ಲೇ ಬರೆದು, ಚಿತ್ರಕ್ಕೆ ‘ಕಲ್ಲುಪ್ಪಿನಲ್ಲಿ ಹಾಕಿಟ್ಟ ಅಪ್ಪೆಮಿಡಿ, ಭರಣಿಯಲ್ಲಿ’ ಎಂಬಂಥ ಚಿಕ್ಕ ವಿವರಣೆ ಸೇರಿಸಬೇಕು. ಫೋನಿನಿಂದ ತೆಗೆದ ಚಿತ್ರಗಳ ಗಾತ್ರವನ್ನು ಕುಗ್ಗಿಸದಿದ್ದರೆ ನಿಧಾನ ನೆಟ್‌ವರ್ಕ್‌ನಲ್ಲಿ ಪುಟ ತೆರೆಯುವುದೇ ಇಲ್ಲ.

ಶುರು ಮಾಡಲು ಬೇಕಾದದ್ದು

1999ರಲ್ಲಿ ಆರಂಭವಾಗಿ 2003ರಲ್ಲಿ ಗೂಗಲ್ ಕೊಂಡುಕೊಂಡ ಬ್ಲಾಗರ್ ಈಗಲೂ ಉಚಿತ. ಅದೇ 2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ ಹೆಚ್ಚು ಅನುಕೂಲಗಳಿರುವ ತಂತ್ರಾಂಶ. ಅದೂ ಉಚಿತವೇ ಆದರೂ ಅದನ್ನು ಇರಿಸುವ ಹೋಸ್ಟಿಂಗ್ ಜಾಗಕ್ಕೆ ಬಾಡಿಗೆ ಕೊಡಬೇಕು. ಉದ್ದಿಮೆಯ ಹೆಸರಿನ ವಿಳಾಸಕ್ಕೆ, ಅಂದರೆ ಡೊಮೇನ್‌ಗೆ, ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನ ಖರ್ಚು ಬರುತ್ತದೆ. ಈ ಡೊಮೇನ್ ಅನ್ನು ಜಾಲತಾಣ ಮಾಡಿಕೊಡುವ ಹುಡುಗರ ಹೆಸರಿನಲ್ಲಲ್ಲ, ಸ್ವಂತ ಹೆಸರಿನಲ್ಲಿ, ಸ್ವಂತ ಇಮೇಲ್‌ನಲ್ಲೇ ನೋಂದಾಯಿಸಿಕೊಳ್ಳಬೇಕು. ಬೇರೆಯವರ ಹೆಸರಿನಲ್ಲಿದ್ದರೆ ಅವರು ಊರು ಬಿಟ್ಟಾಗಲೋ ನವೀಕರಿಸಲು ಮರೆತಾಗಲೋ ವರ್ಷಗಳ ಬರಹ ಕೈತಪ್ಪಿ ಹೋಗುತ್ತದೆ. ಇದರ ಜೊತೆಗೆ, ಗಿರಾಕಿಗಳು ನೇರವಾಗಿ ಬಂದುಹೋಗುವ ಉದ್ದಿಮೆಯಾದರೆ ಅದನ್ನು ಗೂಗಲ್ ನಕ್ಷೆಯಲ್ಲಿ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ನೋಂದಾಯಿಸಿ ಅಲ್ಲಿಂದ ಬ್ಲಾಗಿಗೆ ಲಿಂಕ್ ಕೊಡುವುದು, ಹುಡುಕಾಟದಲ್ಲಿ ಪುಟಗಳು ಹೇಗೆ ಕಾಣಿಸುತ್ತಿವೆ ಎಂದು ತಿಳಿಸುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಜಾಲತಾಣವನ್ನು ಸೇರಿಸುವುದು ಒಳ್ಳೆಯದು. ಎರಡಕ್ಕೂ ಹಣ ಕೊಡಬೇಕಿಲ್ಲ.

ಬರೆಯಬಾರದ್ದು

ಉಪ್ಪಾಗೆ ಎಂಬ ಹುಳಿಹಣ್ಣಿನಿಂದ ಬೊಜ್ಜು ಕರಗುತ್ತದೆ, ನಮ್ಮ ಜೇನಿನಿಂದ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂಬಂಥ ವಾಕ್ಯಗಳು ಮಲೆನಾಡಿನ ಉತ್ಪನ್ನಗಳ ಪುಟಗಳಲ್ಲಿ ಸಲೀಸಾಗಿ ನುಸುಳುತ್ತವೆ. ಮಧುಮೇಹವೂ ಸೇರಿದಂತೆ ಹಲವು ಕಾಯಿಲೆಗಳನ್ನು ವಾಸಿ ಮಾಡುವುದಾಗಿ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯಿದೆ ನಿಷೇಧಿಸಿದೆ. ಆಹಾರದ ಜಾಹೀರಾತು ಮತ್ತು ಹೇಳಿಕೆಗಳಿಗೆ ಆಹಾರ ಸುರಕ್ಷತೆ ಪ್ರಾಧಿಕಾರದ 2018ರ ನಿಯಮಗಳೂ ಇವೆ. ಸ್ವಂತ ಬ್ಲಾಗ್ ಎಂದಮಾತ್ರಕ್ಕೆ ಅದು ಜಾಹೀರಾತಲ್ಲ ಎನ್ನಲಾಗದು. ಮನೆಯಲ್ಲಿ ಮಾಡಿ ಮಾರುವ ತಿನಿಸಿಗೂ ಆ ಪ್ರಾಧಿಕಾರದ ನೋಂದಣಿ ಬೇಕು. ಅದರ 14 ಅಂಕಿಗಳ ಸಂಖ್ಯೆಯನ್ನು ಪುಟದಲ್ಲಿ ಕಾಣುವಂತೆ ಹಾಕಿದರೆ ದೂರದ ಗಿರಾಕಿಗೆ ನಂಬಿಕೆ ಬರುತ್ತದೆ. ಜೋಗದ ಸುಂದರ ಚಿತ್ರವೆಂದು ಗೂಗಲ್‌ನಲ್ಲಿ ಸಿಕ್ಕಿದ್ದನ್ನು ಎತ್ತಿ ಹಾಕಿದರೆ ಅದು ಛಾಯಾಗ್ರಾಹಕರ ಹಕ್ಕುಸ್ವಾಮ್ಯದ ಉಲ್ಲಂಘನೆ. ಬಂದುಹೋದ ಅತಿಥಿಗಳ ಮುಖ ಕಾಣುವ ಚಿತ್ರಗಳಿಗೆ, ಅವರ ಹೆಸರಿನ ಮೆಚ್ಚುಗೆಯ ಮಾತುಗಳಿಗೆ ಅವರ ಒಪ್ಪಿಗೆ ಪಡೆಯಬೇಕು.

ಕೃತಕ ಬುದ್ಧಿಮತ್ತೆಯ ಉತ್ತರಗಳ ನಡುವೆ

ಜೇನು ಏಕೆ ಹರಳುಗಟ್ಟುತ್ತದೆ ಎಂಬ ಸಾಮಾನ್ಯ ಪ್ರಶ್ನೆಗೆ ಗೂಗಲ್ ಮೇಲ್ಭಾಗದಲ್ಲೇ ಉತ್ತರ ಕೊಟ್ಟಾಗ ಕೆಲವರು ಅದನ್ನೇ ಓದಿ ಮುಂದೆ ಸಾಗುತ್ತಾರೆ, ಯಾವ ಪುಟವನ್ನೂ ತೆರೆಯುವುದಿಲ್ಲ. ಇದು ನಿಜವಾದ ನಷ್ಟ. ಆದರೆ ಆ ಉತ್ತರ ಸಿದ್ಧವಾಗುವುದು ಇರುವ ಪುಟಗಳ ಆಧಾರದ ಮೇಲೆಯೇ, ಮತ್ತು ಅದರ ಪಕ್ಕದಲ್ಲಿ ಆಧಾರದ ಪುಟಗಳ ಲಿಂಕ್‌ಗಳೂ ಇರುತ್ತವೆ. ಎಲ್ಲರಿಗೂ ಗೊತ್ತಿರುವ ಮಾಹಿತಿಯನ್ನು ಮತ್ತೊಮ್ಮೆ ಬರೆದ ಪುಟಕ್ಕೆ ಈಗ ಬೆಲೆ ಕಡಿಮೆಯಾಗಿದೆ. ಈ ವರ್ಷ ನಮ್ಮ ತೋಟದಲ್ಲಿ ಮಿಡಿ ಎಷ್ಟು ಕಚ್ಚಿದೆ, ನಮ್ಮ ಮನೆಯ ದಾರಿ ಹೇಗಿದೆ ಎಂಬುದನ್ನು ಬರೆದ ಪುಟಕ್ಕೆ ಬದಲಿ ಇಲ್ಲ. ಪುಟಗಳ ಗುಣಮಟ್ಟ ಅಳೆಯುವವರಿಗೆ ಗೂಗಲ್ ಕೊಡುವ ಮಾರ್ಗಸೂಚಿಯಲ್ಲಿ 2022ರ ಡಿಸೆಂಬರ್‌ನಲ್ಲಿ ಬರೆದವರ ಸ್ವಂತ ಅನುಭವ ಎಂಬ ಅಂಶವನ್ನು ಸೇರಿಸಲಾಗಿದೆ.

ಬರಹವನ್ನೇ ಕೃತಕ ಬುದ್ಧಿಮತ್ತೆಯಿಂದ ಬರೆಸಿದರೆ ಹೇಗೆ ಎಂದು ಕೇಳುವವರಿದ್ದಾರೆ. ಗೂಗಲ್ ಅದನ್ನು ಸಾರಾಸಗಟಾಗಿ ನಿಷೇಧಿಸಿಲ್ಲ, ಆದರೆ ಓದುಗರಿಗೆ ಉಪಯೋಗವಿಲ್ಲದ ಪುಟಗಳನ್ನು ಹುಡುಕಾಟದಲ್ಲಿ ಮೇಲೆ ಬರಲೆಂದೇ ರಾಶಿ ರಾಶಿಯಾಗಿ ತಯಾರಿಸುವುದನ್ನು 2024ರ ಮಾರ್ಚ್‌ನಲ್ಲಿ ತಂದ ನಿಯಮದ ಪ್ರಕಾರ ಅದು ಸ್ಪ್ಯಾಮ್ ಎಂದು ಪರಿಗಣಿಸುತ್ತದೆ. ಕಾಗುಣಿತ ತಿದ್ದಲು, ಧ್ವನಿಯಲ್ಲಿ ಹೇಳಿದ್ದನ್ನು ಅಕ್ಷರಕ್ಕಿಳಿಸಲು ಅದನ್ನು ಧಾರಾಳವಾಗಿ ಬಳಸಬಹುದು. ಬರೆಯುವ ರೂಢಿ ಇಲ್ಲದ, ಆದರೆ ಭರಣಿಗೆ ಉಪ್ಪು ಎಷ್ಟು ಹಾಕಬೇಕೆಂದು ಕೈಯಳತೆಯಲ್ಲೇ ಬಲ್ಲ ಮನೆಯ ಹಿರಿಯರು ಹೇಳುವುದನ್ನು ಫೋನಿನಲ್ಲಿ ದಾಖಲಿಸಿ ಅಕ್ಷರಕ್ಕೆ ತರುವುದು ನನಗೆ ಕಾಣುವಂತೆ ಈ ತಂತ್ರಜ್ಞಾನದ ಅತ್ಯುತ್ತಮ ಬಳಕೆ.

ಫಲ ಯಾವಾಗ, ಅಳೆಯುವುದು ಹೇಗೆ

ಒಂದು ಬದಲಾವಣೆಯ ಪರಿಣಾಮ ಹುಡುಕಾಟದಲ್ಲಿ ಕಾಣಲು ಕೆಲವು ಗಂಟೆಗಳಿಂದ ಹಲವು ತಿಂಗಳುಗಳವರೆಗೆ ಬೇಕಾಗಬಹುದೆಂದು ಗೂಗಲ್ ಹೇಳುತ್ತದೆ. ತಿಂಗಳಿಗೆ ಒಂದೆರಡು ಒಳ್ಳೆಯ ಬರಹಗಳಂತೆ ಒಂದು ವರ್ಷ ನಡೆಸಿ ನೋಡದೆ ತೀರ್ಮಾನಕ್ಕೆ ಬರಬಾರದು. ಎಷ್ಟು ಜನ ಪುಟ ನೋಡಿದರೆಂಬ ಅಂಕಿ ಮನಸ್ಸಿಗೆ ಹಿತವಾದರೂ ಅದರಿಂದ ವ್ಯಾಪಾರದ ಸ್ಥಿತಿ ತಿಳಿಯುವುದಿಲ್ಲ. ಹೊಸದಾಗಿ ಫೋನ್ ಮಾಡಿದ ಪ್ರತಿಯೊಬ್ಬರನ್ನೂ ‘ನಮ್ಮ ನಂಬರ್ ಎಲ್ಲಿ ಸಿಕ್ಕಿತು?’ ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡರೆ ತಿಳಿಯುತ್ತದೆ. ಸರ್ಚ್ ಕನ್ಸೋಲ್‌ನಲ್ಲಿ ಜನರು ಯಾವ ಪದಗಳನ್ನು ಹುಡುಕಿದಾಗ ನಮ್ಮ ಪುಟ ಕಾಣಿಸಿತು, ಎಷ್ಟು ಸಲ ಕಾಣಿಸಿತು, ಎಷ್ಟು ಮಂದಿ ಒತ್ತಿ ಒಳಬಂದರು ಎಂಬ ಪಟ್ಟಿ ಸಿಗುತ್ತದೆ. ಅನೇಕ ಸಲ ಕಾಣಿಸಿಯೂ ಯಾರೂ ಒಳಗೆ ಬರದಿದ್ದರೆ ಶೀರ್ಷಿಕೆ ಅವರ ಪ್ರಶ್ನೆಗೆ ಹೊಂದುತ್ತಿಲ್ಲವೆಂದು ತಿಳಿದು ಅದನ್ನು ತಿದ್ದಬೇಕು. ಒಳಗೆ ಬಂದವರು ಬಹಳ ಮಂದಿ ಇದ್ದರೂ ಫೋನ್ ಬರುತ್ತಿಲ್ಲವಾದರೆ ಬೆಲೆ, ಕೊರಿಯರ್ ಖರ್ಚು, ಸಂಪರ್ಕದ ನಂಬರ್ ಪುಟದಲ್ಲಿ ಸುಲಭವಾಗಿ ಕಾಣುತ್ತಿವೆಯೇ ಎಂದು ಬೇರೊಬ್ಬರ ಮೊಬೈಲಿನಲ್ಲಿ ತೆರೆದು ನೋಡಬೇಕು.